ಆರಿಸಿ ಹಾಕಿದ ಮಧ್ಯಾಹ್ನ

ಸರ್ವರ್ ನಿಂತಿದೆಯೇ? ನಿಂತಿದ್ದೇನೆ ಎಂದು ಅದೇ ಹೇಳಿಕೊಳ್ಳುತ್ತಿದೆ. ಆದರೆ ನಿಜಕ್ಕೂ ನಿಂತಿದ್ದರೆ ಹೊಸದು ಏಕೆ ಏಳುತ್ತಿಲ್ಲ? ನಿಲ್ಲಿಸುವ ರೀತಿಯೇ ತಪ್ಪೋ, ನಿಂತಿತೆಂದು ನಂಬಿದ್ದು ತಪ್ಪೋ? ಅಥವಾ ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ಇಟ್ಟು ಬರೆದದ್ದೇ ಮೊದಲ ತಪ್ಪೋ?

ಗಿರೀಶ್ ಮತ್ತೊಮ್ಮೆ ಗುಂಡಿ ಒತ್ತಿದ. ಪರದೆಯ ಮೇಲೆ ಅದೇ ಸಾಲು ಬಂತು: ಈ ಪೋರ್ಟ್ ಆಗಲೇ ಬಳಕೆಯಲ್ಲಿದೆ. ಹಳೆಯ ಸರ್ವರ್ ಹೋಗಿದೆ, ಆದರೆ ಅದರ ಬಾಗಿಲನ್ನು ಯಾರೋ ಹಿಡಿದುಕೊಂಡಿದ್ದಾರೆ. ಹಿಡಿದ ಕೈ ಬಿಡುವವರೆಗೆ ಹೊಸದು ಒಳಗೆ ಬರುವಂತಿಲ್ಲ.

ಸೋಲೂರಿನ ಕೆಳಗೆ, ಇಳಿಜಾರಿನ ತೋಟಗಳ ನಡುವೆ ಇದ್ದ ಟೀ ಫ್ಯಾಕ್ಟರಿಯ ಮಹಡಿಯಲ್ಲಿ ಅವನು ಕುಳಿತಿದ್ದ. ಕೆಳಗೆ ಡ್ರೈಯರ್ ಓಡುತ್ತಿತ್ತು. ಹಲಗೆಯ ನೆಲದ ಮೂಲಕ ಅದರ ನಡುಕ ಅಂಗಾಲಿಗೆ ಬರುತ್ತಿತ್ತು. ಕೊಯಮತ್ತೂರಿನಲ್ಲಿ ಎಂಸಿಎ ಮುಗಿಸಿ ಊರಿಗೆ ಮರಳಿದ ವರ್ಷ ಅವನು ಈ ಫ್ಯಾಕ್ಟರಿಗಾಗಿ ಒಂದು ಪ್ರೋಗ್ರಾಂ ಬರೆದಿದ್ದ. ಅದಕ್ಕೆ ಎರಡು ಕೆಲಸ. ಡ್ರೈಯರಿನ ಶಾಖವನ್ನು ತಂತಿಯ ಮೂಲಕ ಓದಿ, ಮಿತಿ ಮೀರಿದರೆ ಕೆಳಗೆ ಬೆಲ್ ಹೊಡೆಯುವುದು ಒಂದು. ಅದರೊಳಗೇ ಒಂದು ಪುಟ್ಟ ಸರ್ವರ್ ಇಟ್ಟುಕೊಂಡು, ಆಫೀಸಿನ ಪರದೆಗೂ ಎಲೆ ತೂಗುವ ಲೀಫ್ ಶೆಡ್ಡಿನ ಪರದೆಗೂ ಎಲ್ಲವನ್ನೂ ತೋರಿಸುವುದು ಇನ್ನೊಂದು. ಬೆಲ್ ಎಂದೂ ಕೆಟ್ಟಿರಲಿಲ್ಲ. ಆಗಾಗ ಸಿಕ್ಕಿಕೊಳ್ಳುತ್ತಿದ್ದುದು ಸರ್ವರ್. ಅದು ಸಿಕ್ಕಿಕೊಂಡಾಗ ಪರದೆಗಳು ಕಲ್ಲಾಗುತ್ತಿದ್ದವು. ಅದನ್ನು ಮತ್ತೆ ಎಬ್ಬಿಸಬೇಕೆಂದರೆ ಇಡೀ ಪ್ರೋಗ್ರಾಂ ನಿಲ್ಲಿಸಬೇಕಿತ್ತು. ಪ್ರೋಗ್ರಾಂ ನಿಂತರೆ ಬೆಲ್ ಸತ್ತಂತೆ.

ಹೀಗಾಗಬಾರದು, ಸರ್ವರಿಗೆ ಬೇರೆಯದೇ ಸ್ವಿಚ್ ಬೇಕು ಎಂದು ಅವನು ಮ್ಯಾನೇಜರ್ ಹಾಲನ್‌ಗೆ ಹೇಳಿದ್ದ. ಒಮ್ಮೆಯಲ್ಲ, ಹಲವು ಸಲ. ಫ್ಯಾಕ್ಟರಿಗೆ ರಜೆ ಇರುವ ಒಂದು ಭಾನುವಾರ ಯಂತ್ರ ಬಿಟ್ಟುಕೊಡಿ ಮಾಮ, ಒಳಗಿನದನ್ನು ಬಿಡಿಸಿ ಕೊಡುತ್ತೇನೆ ಎಂದಿದ್ದ. ಹಾಲನ್ ಅವನ ತಾಯಿಯ ಅಣ್ಣ, ಹಟ್ಟಿಯ ಹಿರಿಯ. ಎದುರು ಮಾತು ಬಂದರೆ ಅವರು ಕೂಗಾಡುತ್ತಿರಲಿಲ್ಲ. ಹತ್ತಿರ ಬಂದು ಕಿರಿಯರ ತಲೆಯ ಮೇಲೆ ಅಂಗೈ ಇಡುತ್ತಿದ್ದರು.

"ಬಾಳಿ ಬದುಕು. ಒಂದು ಸಾವಿರ ಆಗಲಿ. ಹಿಡಿದದ್ದು ಹೊನ್ನಾಗಲಿ, ನಡೆದದ್ದು ದಾರಿಯಾಗಲಿ..."

ಹಿರಿಯರ ಕೈ ತಲೆಯ ಮೇಲಿರುವಾಗ ಕಿರಿಯರು ಬಾಯಿ ತೆರೆಯುವುದಿಲ್ಲ. ತಲೆ ತಗ್ಗಿಸಿ ನಿಲ್ಲಬೇಕು, ಹರಕೆ ಮುಗಿಯುವ ತನಕ. ಹಾಲನ್ ಮಾಮನ ಹರಕೆ ಉದ್ದವಾದದ್ದು. ಮುಗಿಯುವಷ್ಟರಲ್ಲಿ ಮಾತು ಹಳಸಿರುತ್ತಿತ್ತು, ಮಾಮ ಮೆಟ್ಟಿಲಿಳಿದಿರುತ್ತಿದ್ದರು. ಎಷ್ಟೋ ಸಲ ಹಾಗೆ ತಲೆ ಕೊಟ್ಟು ನಿಂತಿದ್ದ ಗಿರೀಶನಿಗೆ, ತನ್ನ ನೆತ್ತಿಯಲ್ಲೇ ಒಂದು ಮುಚ್ಚಳ ಇದೆಯೇನೋ, ಅದನ್ನು ಒತ್ತಿ ಮುಚ್ಚಿ ಹೋಗುತ್ತಾರೇನೋ ಅನಿಸುತ್ತಿತ್ತು.

ಆ ಭಾನುವಾರ ಬರಲೇ ಇಲ್ಲ. ಅದರ ಬದಲು ಬೇರೊಂದು ದಿನ ಬಂತು.

ಅಂದು ಗಿರೀಶ್ ನಡುವಟ್ಟಂ ಕಡೆಯ ಹಟ್ಟಿಯೊಂದಕ್ಕೆ ಸಾವಿಗೆ ಹೋಗಿದ್ದ. ಸಾವಿನ ಅಂಗಳದಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಅವನು ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡಿದ್ದ. ಇತ್ತ ಮಾಮನ ಮಗಳನ್ನು ಕೇಳಿ ಬಂದ ಬೀಗರು ಫ್ಯಾಕ್ಟರಿ ನೋಡಲು ಬಂದಿದ್ದರು. ಕಂಪ್ಯೂಟರಿನಲ್ಲಿ ಡ್ರೈಯರ್ ಕಾಣುತ್ತದೆ ಎಂದು ಮಾಮ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರಂತೆ. ಪರದೆ ಕಲ್ಲಾಗಿತ್ತು. ಬೀಗರ ಎದುರು ಕಲ್ಲಾದ ಪರದೆ! ಮಾಮ ಮಹಡಿ ಹತ್ತಿ ಕಂಪ್ಯೂಟರ್ ಯಂತ್ರದ ಗುಂಡಿಯನ್ನೇ ಒತ್ತಿ ಆರಿಸಿ, ಮತ್ತೆ ಹಾಕಿದರು. ಯಂತ್ರ ಎದ್ದಿತು, ಪ್ರೋಗ್ರಾಂ ಏಳಲಿಲ್ಲ. ಅದನ್ನು ಕೈಯಿಂದಲೇ ಶುರು ಮಾಡಬೇಕು. ಅದು ಅವರಿಗೆ ಗೊತ್ತಿರಲಿಲ್ಲ, ಕೇಳಲು ಗಿರೀಶ್ ಸಿಗಲಿಲ್ಲ. ಬೀಗರನ್ನು ಕರೆದುಕೊಂಡು ಊಟಕ್ಕೆ ಹೋದರು.

ಆ ಮಧ್ಯಾಹ್ನವೆಲ್ಲ ಬೆಲ್‌ಗೆ ಜೀವವಿರಲಿಲ್ಲ. ಡ್ರೈಯರಿನ ಮೂಲೆಯಲ್ಲಿ ಕೂತಿದ್ದ ಟೀ ದೂಳು ಕಾದು ಕಾದು ಕೆಂಡವಾಯಿತು. ಡ್ರೈಯರ್ ನೋಡಿಕೊಳ್ಳುತ್ತಿದ್ದ ಮಾದನ್ ಸುಟ್ಟ ವಾಸನೆ ಬಂತೆಂದು ಅದರ ಪಕ್ಕದ ಬಾಗಿಲು ತೆರೆದ. ಬೆಂಕಿ ಅವನ ಎರಡೂ ಮುಂಗೈಗಳ ಮೇಲೆ ಹಾದುಹೋಯಿತು.

ಸಂಜೆ ಬಸ್ಸಿನಲ್ಲಿ ಮರಳುತ್ತಿದ್ದ ಗಿರೀಶನಿಗೆ ಮಾಮನ ಫೋನ್ ಬಂದಿತ್ತು. ಬೆಂಕಿಯ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ. ನಗುತ್ತಿದ್ದರು. "ನಿನ್ನ ಯಂತ್ರ ಬೀಗರ ಮುಂದೆ ಎನ್ನ ಮಾನ ಕಳೆಯಿತು ಕಣಾ. ನಾನೇ ಆರಿಸಿ ಹಾಕಿದೆ. ಆದರೂ ಬರಲಿಲ್ಲೆ. ನಾಳೆ ಬಂದು ನೋಡು."

ಮರುದಿನ ಅದೇ ಬಾಯಿ ಬೇರೆ ಮಾತಾಡಿತು. ಬೆಲ್ ಹೊಡೆದಿತ್ತು, ಮಾದನ್ ನಿದ್ದೆ ಹೋಗಿದ್ದ ಎಂದಿತು. ಪಾಲುದಾರರಿಗೂ ಅದನ್ನೇ ಹೇಳಿದರು. ಮಾದನನನ್ನು ಡ್ರೈಯರಿನಿಂದ ಬಿಡಿಸಿ, ಪಾಲುದಾರರು ಬಂದು ನೋಡಿ ತೀರ್ಮಾನಿಸುವವರೆಗೆ ಮನೆಯಲ್ಲಿರಲಿ ಎಂದರು.

ಇವತ್ತು ಆ ಪಾಲುದಾರರು ಬರುವ ದಿನ. ಅವರು ಬರುವಷ್ಟರಲ್ಲಿ ಪರದೆ ಸರಿಮಾಡಿಡು ಎಂದು ಮಾಮನೇ ಹೇಳಿದ್ದರು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಲೀಫ್ ಶೆಡ್ಡಿನಲ್ಲಿ ತೂಕ ನೋಡುವ ವಸಂತಾಮಣಿ ಟೀ ಲೋಟ ಹಿಡಿದು ಬಂದಳು.

"ಇನ್ನೂ ಅದೇ ಸಾಲಾ?"

"ಅದೇ."

"ಶೆಡ್ಡಿನ ಪರದೆ ನಾನು ಮುಚ್ಚಿ ಬಂದೆ. ನನ್ನದೇನಿಲ್ಲ."

"ನಿನ್ನದಲ್ಲ ಅಕ್ಕ. ಇನ್ಯಾರದೋ ತೆರೆದೇ ಇದೆ."

ಅವಳು ಲೋಟ ಇಟ್ಟು ಪಕ್ಕದ ಕೋಣೆಯ ಕಡೆ ಗದ್ದ ತಿರುಗಿಸಿದಳು. ಮ್ಯಾನೇಜರ್ ಕೋಣೆಯಲ್ಲಿ ಯಾರೂ ಇರಲಿಲ್ಲ, ಪರದೆ ಮಾತ್ರ ಹೊಳೆಯುತ್ತಿತ್ತು. "ಅವರು ಅದನ್ನು ಯಾವತ್ತು ಮುಚ್ಚಿದ್ದಾರೆ? ಮನೆಗೆ ಹೋಗುವಾಗಲೂ ಹಾಗೇ ಬಿಟ್ಟು ಹೋಗುತ್ತಾರೆ. ಕೇಳಿದರೆ, ಫ್ಯಾಕ್ಟರಿ ಮೇಲೆ ಎನ್ನ ಕಣ್ಣಿರಲಿ ಅನ್ನುತ್ತಾರೆ."

ಗಿರೀಶ್ ಎದ್ದು ಹೋಗಿ ನೋಡಿದ. ಹೌದು. ಅವನದೇ ಪುಟ, ಅವನದೇ ಹಸಿರು ಅಂಕಿಗಳು. ಮಾಮನ ಪರದೆ ಹಳೆಯ ಸರ್ವರಿನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ನಿಲ್ಲು ಎಂದಾಗ ಸರ್ವರ್ ಹೊಸಬರನ್ನು ಒಳಗೆ ಬಿಡುವುದನ್ನು ನಿಲ್ಲಿಸುತ್ತದೆ, ಒಳಗಿರುವವರು ಮಾತು ಮುಗಿಸಲಿ ಎಂದು ಕಾಯುತ್ತದೆ. ಒಳಗಿರುವವನು ಮಾತು ಮುಗಿಸುವವನೇ ಅಲ್ಲದಿದ್ದರೆ? ಕಾಯುತ್ತಲೇ ಇರುತ್ತದೆ. ಅವನು ಬರೆದ ಮರ್ಯಾದೆಯೇ ಅದಕ್ಕೆ ಉರುಳಾಗಿತ್ತು.

ಇಲ್ಲೂ ಅವರೇ! ಆ ಪುಟವನ್ನು ಈಗ ಕೈಯಿಂದ ಮುಚ್ಚಿಬಿಡಬಹುದು. ಆದರೆ ನಾಳೆ ಅವರು ಮತ್ತೆ ತೆರೆದಿಡುತ್ತಾರೆ. ಅವನು ವಾಪಸು ಬಂದು ಕುಳಿತು, ನಿಲ್ಲಿಸುವ ಭಾಗವನ್ನು ಹೊಸದಾಗಿ ಬರೆದ. ಹೊಸಬರಿಗೆ ಬಾಗಿಲು ಮುಚ್ಚು. ಒಳಗಿರುವವರಿಗೆ ಸ್ವಲ್ಪ ಸಮಯ ಕೊಡು. ಆಮೇಲೂ ಬಿಡದವರ ಕೈಯನ್ನು ಈ ಕಡೆಯಿಂದ ನೀನೇ ಬಿಡಿಸು, ಅವರು ಯಾರೇ ಆಗಿರಲಿ. ಒಳಗಿನ ಕೆಲಸಗಳೆಲ್ಲ ನಿಜವಾಗಿ ಮುಗಿದವೇ ಎಂದು ಖಾತ್ರಿ ಮಾಡಿಕೊ. ಪೋರ್ಟ್ ಖಾಲಿಯಾದ ಮೇಲೆ ಮಾತ್ರ ಹೊಸ ಸರ್ವರನ್ನು ಎಬ್ಬಿಸು. ಬೆಲ್ಲಿನ ಭಾಗವನ್ನು ಮುಟ್ಟಬೇಡ.

ವಸಂತಾಮಣಿ ಹಿಂದೆ ನಿಂತು ನೋಡುತ್ತಿದ್ದಳು. "ಮಾದನ್ ಬಂದಿದ್ದಾನೆ," ಎಂದಳು. "ಕೆಳಗೆ ಬಾಯ್ಲರ್ ಹತ್ತಿರ ಕೂತಿದ್ದಾನೆ. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಹತ್ತಿ ತುರುಕಿಕೊಂಡಿದ್ದಾನೆ."

"ಕಿವಿಗೆ ಏನಾಗಿದೆ?"

"ಏನಾಗಿದೆ ಅಂತ ನನ್ನ ಕೇಳುತ್ತೀಯಾ? ಬೆಲ್ ಹೊಡೆದಿತ್ತು ಅಂತ ನಿನ್ನ ಮಾಮ ಹೇಳಿದ್ದಾರಲ್ಲ. ನಿದ್ದೆ ಮಾಡಿಲ್ಲ ಅನ್ನೋದು ಅವನಿಗೆ ಗೊತ್ತು. ಹಂಗಾದರೆ ಉಳಿದದ್ದು ಕಿವಿ. ಕಿವುಡಾಗಿದ್ದೇನೆ ಅಂತ ನಂಬಿಬಿಟ್ಟಿದ್ದಾನೆ."

ಗಿರೀಶನ ಬೆರಳು ಕೀಲಿಗಳ ಮೇಲೆ ನಿಂತಿತು.

"ಅವನ ಹೆಂಡತಿ ಪರೀಕ್ಷೆ ಬೇರೆ ಮಾಡಿದಳಂತೆ. ಒಲೆ ಮುಂದೆ ಕೂತು ಮೆಲ್ಲಗೆ ಬೈದಳಂತೆ. ಪ್ರತಿಯೊಂದು ಬೈಗುಳ ಕೇಳಿತು, ಬೆಲ್ ಮಾತ್ರ ಹೇಗೆ ಕೇಳಲಿಲ್ಲ ಅನ್ನುತ್ತಾನೆ." ವಸಂತಾಮಣಿ ನಗಲು ಹೋದಳು, ನಗು ಬರಲಿಲ್ಲ. "ನಿನಗೆ ಫೋನ್ ಮಾಡಿ ಹೇಳಿದ್ದರಲ್ಲ, ನಾನೇ ಆರಿಸಿದೆ ಅಂತ. ಹೋಗಿ ಅವನಿಗೆ ಒಂದು ಮಾತು ಹೇಳು."

"ಇವತ್ತು ಎಲ್ಲರ ಮುಂದೆ ತೋರಿಸುತ್ತೇನೆ."

"ತೋರಿಸೋದು ಬೇರೆ, ಹೇಳೋದು ಬೇರೆ. ನಿನ್ನ ಬಾಯಿಗೆ ಆಗದ್ದನ್ನು ಯಂತ್ರದ ಬಾಯಲ್ಲಿ ಹೇಳಿಸುತ್ತೀಯಾ?"

"ಬೀಗರಿಗೆ ಟೀ ತಂದಾಗ ನೀನೂ ನೋಡಿದ್ದೆಯಲ್ಲ ಅಕ್ಕ, ಅವರು ಗುಂಡಿ ಒತ್ತಿದ್ದನ್ನು. ನೀನು ಹೇಳಿದೆಯಾ?"

ಅವಳ ಮುಖ ಕಪ್ಪಿಟ್ಟಿತು. "ನಾನು ಇಲ್ಲಿಗೆ ಮದುವೆಯಾಗಿ ಬಂದವಳು. ನೀನು ಅವರ ತಂಗಿಯ ಮಗ," ಎಂದು ಖಾಲಿ ಲೋಟ ತೆಗೆದುಕೊಂಡು ಇಳಿದು ಹೋದಳು.

ಅವನ ಲೆಕ್ಕಾಚಾರ ಸರಳವಾಗಿತ್ತು. ಪರೀಕ್ಷೆಗೆಂದು ಬೆಲ್ಲಿನ ಮಿತಿಯನ್ನು ಇಳಿಸಿಡುವುದು. ಆಗ ಡ್ರೈಯರ್ ಸರಿಯಾಗಿದ್ದರೂ ಬೆಲ್ ಹೊಡೆಯುತ್ತಲೇ ಇರುತ್ತದೆ. ಅದು ಹೊಡೆಯುತ್ತಿರುವಾಗಲೇ ಸರ್ವರನ್ನು ನಿಲ್ಲಿಸಿ ಎಬ್ಬಿಸುವುದು. ಪರದೆ ಹೋಗಿ ಬರುತ್ತದೆ, ಬೆಲ್ ನಿಲ್ಲುವುದಿಲ್ಲ. ಅದು ಮೊದಲ ಭಾಗ. ಎರಡನೆಯದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೊದಲು ಹೀಗಿರಲಿಲ್ಲ, ಮೊದಲು ಹೀಗೆ ಆರಿಸುತ್ತಿದ್ದರು ಎಂದು ಇಡೀ ಪ್ರೋಗ್ರಾಮನ್ನು ಮುಚ್ಚಿಬಿಡುವುದು. ಬೆಲ್ ಥಟ್ಟನೆ ನಿಲ್ಲುತ್ತದೆ. ಆ ಮೌನವನ್ನು ಎಲ್ಲರೂ ಕೇಳಬೇಕು. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನಿದೆ?

ಮಧ್ಯಾಹ್ನ ಪಾಲುದಾರರು ಬಂದರು. ಮೂವರು ಹಿರಿಯರು, ಬಿಳಿ ಮುಂಡಾಸು, ಹೊದ್ದ ಶಾಲು. ಅವರ ಜೊತೆ ಚಿನ್ನಮ್ಮಾಳ್. ಗಂಡ ತೀರಿಕೊಂಡ ಮೇಲೆ ಅವನ ಪಾಲು ಅವಳಿಗೆ ಬಂದಿತ್ತು. ಊರಿನ ಅರ್ಧ ಜನಕ್ಕೆ ಅವಳು ಶಾಲೆಯಲ್ಲಿ ಪಾಠ ಹೇಳಿದ್ದಳು, ಹಾಗಾಗಿ ಹಿರಿಯರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು.

"ಇದಾ ನಿನ್ನ ಯಂತ್ರ?" ಎಂದಳು ಅವಳು ಗಿರೀಶನಿಗೆ. "ಏಳನೇ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದೆ. ಈಗ ಪರದೆ ನೋಡುತ್ತೀಯಾ?"

ಹಿರಿಯರು ನಕ್ಕರು. ಹಾಲನ್ ಮಾಮನೂ ನಕ್ಕರು. "ನಮ್ಮ ಹುಡುಗ ರಿಪೇರಿ ಮಾಡಿದ್ದಾನೆ ಟೀಚರ್. ಇನ್ನು ಪರದೆ ನಿಲ್ಲದು. ತೋರಿಸು ಗಿರೀ."

ಗಿರೀಶ್ ಮಿತಿ ಇಳಿಸಿದ. ಕೆಳಗೆ ಬೆಲ್ ಕಿರುಚಲು ಶುರುವಾಯಿತು. ಒಬ್ಬ ಹಿರಿಯ ಗಾಬರಿಯಿಂದ ಎದ್ದ.

"ಕೂರಿ. ಇದು ಪರೀಕ್ಷೆಗೆ," ಎಂದ ಗಿರೀಶ್. ಅವನ ದನಿ ಅವನಿಗೇ ಗಟ್ಟಿಯಾಗಿ ಕೇಳಿಸಿತು. "ಈಗ ಪರದೆ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಒಳಗಿನ ಸರ್ವರ್ ಮಾತ್ರ ನಿಲ್ಲಿಸುತ್ತೇನೆ."

ಗುಂಡಿ ಒತ್ತಿದ. ಗೋಡೆಗೆ ಹಾಕಿದ್ದ ದೊಡ್ಡ ಪರದೆ ಬೆಳ್ಳಗಾಯಿತು. ಮ್ಯಾನೇಜರ್ ಕೋಣೆಯಲ್ಲಿ ಎಂದಿನಂತೆ ತೆರೆದಿದ್ದ ಪುಟವೂ ಅತ್ತ ಬೆಳ್ಳಗಾಗುವುದು ಗಾಜಿನ ಮೂಲಕ ಕಂಡಿತು. ಬೆಲ್ ಹೊಡೆಯುತ್ತಲೇ ಇತ್ತು. ಹಿಡಿದಿದ್ದ ಕೈ ಸಡಿಲವಾಯಿತು, ಪೋರ್ಟ್ ಖಾಲಿಯಾಯಿತು. ಹೊಸ ಸರ್ವರ್ ಎದ್ದಿತು. ಹಸಿರು ಅಂಕಿಗಳು ಮತ್ತೆ ಬಂದವು. ಬೆಲ್ ಒಂದು ಉಸಿರಿನಷ್ಟೂ ತಡೆಯಲಿಲ್ಲ.

"ಭಲೇ," ಎಂದರು ಒಬ್ಬರು.

ಚಿನ್ನಮ್ಮಾಳ್ ಮಾತ್ರ ಪರದೆ ನೋಡುತ್ತಿರಲಿಲ್ಲ. ತಲೆ ವಾಲಿಸಿ ಬೆಲ್ ಕೇಳುತ್ತಿದ್ದಳು. "ಈಗ ಬೆಲ್ ನಿಲ್ಲಲಿಲ್ಲ. ಸರಿ. ಹಂಗಾದರೆ ಮುಂಚೆ?" ಎಂದಳು. "ಮುಂಚೆ ಪರದೆ ಸಿಕ್ಕಿಕೊಂಡರೆ ಏನು ಮಾಡುತ್ತಿದ್ದಿರಿ? ಆಗ ಬೆಲ್?"

ಕೋಣೆಯಲ್ಲಿ ಬೆಲ್ ಒಂದೇ ಮಾತಾಡುತ್ತಿತ್ತು.

ಗಿರೀಶ್ ಮೌಸ್ ಹಿಡಿದ. ಪ್ರೋಗ್ರಾಂ ಮುಚ್ಚುವ ಗುರುತಿನ ಮೇಲೆ ಬಾಣ ನಿಂತಿತು. ಬೆರಳು ಒತ್ತಬೇಕು, ಅಷ್ಟೇ.

"ಮಾದನ್ ಸುಟ್ಟುಕೊಂಡ ದಿನ ಬೆಲ್ ಹೊಡೆದಿತ್ತಾ ಗಿರೀಶ್?" ಚಿನ್ನಮ್ಮಾಳ್ ಈಗ ನೇರವಾಗಿ ಕೇಳಿದಳು. "ನೆಲ ನೋಡಬೇಡ."

ಹಾಲನ್ ಎದ್ದಿದ್ದರು. ಯಾವಾಗ ಎದ್ದರೋ ಗಿರೀಶ್ ನೋಡಲಿಲ್ಲ. "ಹುಡುಗ ತುಂಬ ಕಷ್ಟಪಟ್ಟಿದ್ದಾನೆ," ಎನ್ನುತ್ತ ಅವರು ಹತ್ತಿರ ಬಂದರು. ಅಂಗೈ ಮೇಲೆದ್ದಿತು. "ಬಾಳಿ ಬದುಕು. ಒಂದು..."

ಗಿರೀಶ್ ತಲೆ ಹಿಂದಕ್ಕೆಳೆದುಕೊಂಡ.

ಯೋಚಿಸಿ ಮಾಡಿದ್ದಲ್ಲ. ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು. ಹಿರಿಯರ ಕೈ ಗಾಳಿಯಲ್ಲಿ ಉಳಿಯಿತು, ಕೆಳಗೆ ತಲೆ ಇಲ್ಲದೆ. ಆ ಹಟ್ಟಿಗಳಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಒಬ್ಬ ಹಿರಿಯ 'ಅಯ್ಯೋ' ಎಂದ. ಗಿರೀಶ್ ಮಾಮನ ಮುಖವನ್ನೇ ನೋಡಿದ. ಬೈಯಲಿ, ಹೊಡೆಯಲಿ, ಒಂದು ಸುಳ್ಳನ್ನಾದರೂ ಈ ಬೆಳಕಿನಲ್ಲಿ ಎಲ್ಲರ ಮುಂದೆ ಹೇಳಲಿ. ತಾನು ಹಿಂದೆಂದೂ ಆ ಮುಖವನ್ನು ಇಷ್ಟು ಹೊತ್ತು ನೋಡಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ನೋಡಿದ್ದೆಲ್ಲ ಅವರ ಕಾಲುಗಳನ್ನು.

ಹಾಲನ್ ತಮ್ಮ ಕೈಯನ್ನು ಬೇರೆ ಯಾರದೋ ವಸ್ತುವಿನಂತೆ ನೋಡಿಕೊಂಡರು. ನಿಧಾನವಾಗಿ ಇಳಿಸಿ ಶಾಲಿನೊಳಗೆ ಇಟ್ಟುಕೊಂಡರು.

"ಮಾದನ್ ನಾಳೆಯಿಂದ ಡ್ರೈಯರ್‌ಗೆ ಬರಲಿ," ಎಂದರು.

ವಾಪಸು ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.

"ಆದದ್ದು ಆತು. ಹಳೆಯ ಆಳು, ಕೈ ಬೇರೆ ಸುಟ್ಟುಕೊಂಡಿದ್ದಾನೆ. ಬೆಲ್ ಅನ್ನು ಅವನ ಹತ್ತಿರಕ್ಕೆ ಹಾಕಿಸೋಣ. ಇದರ ಮೇಲೆ ಮಾತು ಬೇಡ."

"ನಾನು ಕೇಳಿದ್ದು ಅದಲ್ಲ ಹಾಲಣ್ಣ," ಎಂದಳು ಚಿನ್ನಮ್ಮಾಳ್.

"ಮಾತು ಬೇಡ ಎಂದೆನಲ್ಲ ಟೀಚರ್. ಮಾತು ಬಂದರೆ ಎಲ್ಲ ಮೊದಲಿಂದ ಬರಬೇಕಾಗುತ್ತದೆ. ಮಾದನನ ಕೆಲಸದ ಮಾತೂ."

ಅವಳು ಹಾಲನ್ ಅವರನ್ನು ನೋಡಿದಳು, ಗಿರೀಶನನ್ನು ನೋಡಿದಳು. ಅವಳಿಗೆ ಉತ್ತರ ಸಿಕ್ಕಿತ್ತು. ಮೂವರು ಹಿರಿಯರಿಗೂ ಸಿಕ್ಕಿತ್ತು. ಒಬ್ಬರು ಮುಂಡಾಸು ಸರಿಮಾಡಿಕೊಂಡರು, ಇನ್ನೊಬ್ಬರು ಕಿಟಕಿಯಾಚೆ ಮೋಡ ಎಷ್ಟು ಕೆಳಗಿಳಿದಿದೆ ನೋಡಿ ಎಂದರು.

ಗಿರೀಶನ ಬೆರಳು ಇನ್ನೂ ಮೌಸಿನ ಮೇಲಿತ್ತು. ಈಗಲೂ ಒತ್ತಬಹುದು. ಒತ್ತಿದರೆ ಮೌನ ಬರುತ್ತದೆ, ಮೌನದ ಹಿಂದೆ ಮಾಮನ ಸುಳ್ಳು ಬತ್ತಲಾಗುತ್ತದೆ. ಅದರ ಹಿಂದೆಯೇ ಮಾದನನ ಕೆಲಸ ಮತ್ತೆ ಗಾಳಿಯಲ್ಲಿ ತೂಗುತ್ತದೆ. ಎಂಥ ಜಾಣತನ! ಸತ್ಯಕ್ಕೂ ಮಾದನನ ಅನ್ನಕ್ಕೂ ಒಂದೇ ಗುಂಡಿ ಮಾಡಿಟ್ಟಿದ್ದಾರೆ. ಒಂದನ್ನು ಆರಿಸಿದರೆ ಇನ್ನೊಂದೂ ಆರುತ್ತದೆ. ತಾನು ಮೊದಲು ಬರೆದಿದ್ದ ಪ್ರೋಗ್ರಾಮಿನ ಹಾಗೆಯೇ. ಅದನ್ನು ಬಿಡಿಸುವುದು ತನಗೆ ಗೊತ್ತಿತ್ತು. ಇದನ್ನು ಬಿಡಿಸುವುದು ಗೊತ್ತಿರಲಿಲ್ಲ.

ಅವನು ಮಿತಿಯನ್ನು ಮೊದಲಿದ್ದಲ್ಲಿಗೆ ಏರಿಸಿದ. ಬೆಲ್ ನಿಂತಿತು. ಅವನು ಬೇಕೆಂದಿದ್ದ ಮೌನ ಇದಾಗಿರಲಿಲ್ಲ.

ಎಲ್ಲರೂ ಟೀಗೆ ಇಳಿದರು. ಬಾಯ್ಲರ್ ಪಕ್ಕದ ಕಟ್ಟೆಯಿಂದ ಮಾದನ್ ಎದ್ದು ನಿಂತ. ಮುಂಗೈಗಳ ಮೇಲೆ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಹಾಲನ್ ಅವನಿಗೆ ಸುದ್ದಿ ಹೇಳಿದರು. ಮಾದನ್ ಕಿವಿಯ ಹತ್ತಿ ತೆಗೆದು ಮತ್ತೊಮ್ಮೆ ಕೇಳಿಸಿಕೊಂಡ. ಆಮೇಲೆ ಬಾಗಿ ತಲೆ ಒಡ್ಡಿದ. ಮೇಲೆ ಗಾಳಿಯಲ್ಲಿ ಉಳಿದಿದ್ದ ಕೈ ಇಲ್ಲಿ ಇಳಿಯಿತು.

"ಬಾಳಿ ಬದುಕು. ಒಂದು ಸಾವಿರ ಆಗಲಿ. ಹಿಡಿದದ್ದು ಹೊನ್ನಾಗಲಿ..."

ಹಿಡಿದದ್ದು! ಮೆಟ್ಟಿಲ ಮೇಲೆ ನಿಂತಿದ್ದ ಗಿರೀಶ್ ಕಟಾಂಜನವನ್ನು ಬಿಗಿಯಾಗಿ ಹಿಡಿದ. ಮಾಮನ ಮೇಲಿದ್ದ ಸಿಟ್ಟು ಆ ಕ್ಷಣ ಮಾದನನ ಬಾಗಿದ ಬೆನ್ನಿನ ಮೇಲೂ ಚೆಲ್ಲಿತು. ನೆಟ್ಟಗೆ ನಿಲ್ಲು, ನಿನ್ನ ಕೈ ಸುಟ್ಟ ಕೈ ಅದು ಎಂದು ಕೂಗಬೇಕೆನಿಸಿತು. ಹರಕೆ ಇವತ್ತು ಎಂದಿಗಿಂತ ಉದ್ದವಾಗಿತ್ತು. ಲೀಫ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ವಸಂತಾಮಣಿ ಗಿರೀಶನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಮಾದನ್ ಕಣ್ಣೊರೆಸಿಕೊಂಡು ಅವನ ಬಳಿಗೆ ಬಂದ.

"ಈಗ ಬೆಲ್ ಹೊಡೆಯಿತಲ್ಲ ತಮ್ಮಾ, ಎನಗೆ ಪೂರಾ ಕೇಟಿತು. ಹತ್ತಿ ಇಟ್ಟುಕೊಂಡಿದ್ದರೂ ಕೇಟಿತು!" ಅವನ ಮುಖ ಅರಳಿತ್ತು. "ಎಣ್ಣೆ ಕೆಲಸ ಮಾಡಿದೆ. ಮನೆಯಾಕೆ ಹೇಳಿದ್ದು ಸುಳ್ಳಲ್ಲ. ಇನ್ನು ಬಿಡದೆ ಹಾಕಿಕೊಳ್ಳುತ್ತೇನೆ."

ಗಿರೀಶ್ ಬಾಯಿ ತೆರೆದ. ಮಾದನನ ಹೆಗಲ ಮೇಲಿಂದ ಹಾಲನ್ ಮಾಮ ಟೀ ಲೋಟ ಹಿಡಿದು ಇತ್ತಲೇ ನೋಡುತ್ತಿದ್ದರು. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ. ಒಪ್ಪಂದ ಮುಗಿದವರ ನೆಮ್ಮದಿ ಇತ್ತು. ಅದೇ ಹೆಚ್ಚು ಉರಿಸಿತು.

"ಚೆನ್ನಾಗಿ ಕೇಳಿತಾ ಮಾದಣ್ಣ?" ಎಂದಷ್ಟೇ ಕೇಳಿದ ಗಿರೀಶ್.

"ಚೆನ್ನಾಗಿ ತಮ್ಮಾ."

ಮಹಡಿಯ ಯಂತ್ರದಲ್ಲಿ ಸರ್ವರ್ ಮುಂದೆಯೂ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಗಿರೀಶ್ ಅದೊಂದನ್ನೇ ನಿಲ್ಲಿಸಿ ಎಬ್ಬಿಸುತ್ತಿದ್ದ, ಬೆಲ್ ಎಚ್ಚರವಾಗಿಯೇ ಇರುತ್ತಿತ್ತು. ಅವನು ಮತ್ತೆಂದೂ ಮಾಮನಿಗೆ ತಲೆ ಒಡ್ಡಲಿಲ್ಲ. ಮದುವೆ, ಸಾವುಗಳಲ್ಲಿ ಜನ ಅದನ್ನು ಗಮನಿಸಿದರು, ಓದಿದ ಸೊಕ್ಕು ಎಂದರು. ತಾಯಿ ಅತ್ತಳು. ಮಾದನ್ ಫ್ಯಾಕ್ಟರಿ ಬಿಡುವ ತನಕ ಡ್ರೈಯರಿನ ಮುಂದೆಯೇ ಇದ್ದ. ಹತ್ತಿಯ ತುಂಡು ಕಿವಿಯಲ್ಲಿಟ್ಟುಕೊಂಡು, ತಲೆಯನ್ನು ಬೆಲ್ ಕಡೆಗೆ ವಾಲಿಸಿ ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಗಿರೀಶ್ ದಿನವೂ ಅವನ ಮುಂದೆಯೇ ಹಾದು ಮೆಟ್ಟಿಲು ಹತ್ತುತ್ತಿದ್ದ.

ಆ ಮಧ್ಯಾಹ್ನ ಬೆಲ್ ಹೊಡೆದೇ ಇರಲಿಲ್ಲ ಎಂದು ಅವನು ಮಾದನನಿಗೆ ಎಂದೂ ಹೇಳಲಿಲ್ಲ.